ಸ್ಯಾಮ್ಯುಯೆಲ್ ಕ್ಲೆಲೆಂಡ್ ಡೇವಿಡ್‌ಸನ್

ಸರ್ ಸ್ಯಾಮ್ಯುಯೆಲ್ ಕ್ಲೆಲೆಂಡ್ ಡೇವಿಡ್‌ಸನ್ (18 ನವೆಂಬರ್ 1846 – 18 ಆಗಸ್ಟ್ 1921) ಐರ್ಲೆಂಡಿನ ಎಂಜಿನಿಯರ್, ಸಂಶೋಧಕ ಮತ್ತು ಉದ್ಯಮಿ. ಭಾರತದ ಕಾಚಾರ್ ಪ್ರದೇಶದಲ್ಲಿ ಚಹಾ ತೋಟಗಾರರಾಗಿ ವೃತ್ತಿಜೀವನ ಆರಂಭಿಸಿದ ಇವರು, ಬಿಸಿಗಾಳಿಯಿಂದ ಚಹಾ ಎಲೆಯನ್ನು ಒಣಗಿಸುವ ಯಂತ್ರವನ್ನೂ, ಅಲಗುಗಳು ಮುಂದಕ್ಕೆ ಬಾಗಿರುವ ಕೇಂದ್ರಾಪಗಾಮಿ ಫ್ಯಾನನ್ನೂ ರೂಪಿಸಿದರು. ಎರಡೂ ಸಿರೊಕ್ಕೊ ಎಂಬ ಹೆಸರಿನಿಂದ ಪ್ರಸಿದ್ಧವಾದವು. ಹಡಗು, ಗಣಿ, ಕಾರ್ಖಾನೆ ಮತ್ತು ದೊಡ್ಡ ಕಟ್ಟಡಗಳ ವಾತಾಯನ ವ್ಯವಸ್ಥೆಯ ಬೆಳವಣಿಗೆಯಲ್ಲಿ ಈ ಫ್ಯಾನಿಗೆ ಮುಖ್ಯ ಸ್ಥಾನವಿದೆ. ಬೆಂಕಿ ಬಿದ್ದಾಗ ಕಟ್ಟಡದೊಳಗಿನ ಬಿಸಿ ಹೊಗೆಯನ್ನು ಹೊರಹಾಕುವ ಇಂದಿನ ಫ್ಯಾನ್‌ಗಳೂ, ಅವುಗಳಿಗೆ ವಿಧಿಸಲಾಗಿರುವ ಶಾಖಸಹಿಷ್ಣುತೆಯ ಪರೀಕ್ಷೆಗಳೂ, ಬಿಸಿ ಗಾಳಿಯನ್ನು ಯಂತ್ರಬಲದಿಂದ ಸಾಗಿಸುವ ಈ ವಿದ್ಯೆಯ ಮುಂದುವರಿದ ಭಾಗಗಳಾಗಿವೆ.

ಆರಂಭಿಕ ಜೀವನ

ಡೇವಿಡ್‌ಸನ್ ಅವರು ಬೆಲ್‌ಫಾಸ್ಟ್ ನಗರಕ್ಕೆ ಸಮೀಪದ, ಡೌನ್ ಕೌಂಟಿಗೆ ಸೇರಿದ ಬ್ಯಾಲಿಮೆಕಾನ್ ಎಂಬಲ್ಲಿ ಜನಿಸಿದರು. ತಂದೆ ಜೇಮ್ಸ್ ಡೇವಿಡ್‌ಸನ್ ಹಿಟ್ಟಿನ ಗಿರಣಿಯ ಮಾಲೀಕರಾಗಿದ್ದರು. ಸ್ಯಾಮ್ಯುಯೆಲ್ ಬೆಲ್‌ಫಾಸ್ಟಿನ ರಾಯಲ್ ಬೆಲ್‌ಫಾಸ್ಟ್ ಅಕಾಡೆಮಿಕಲ್ ಇನ್‌ಸ್ಟಿಟ್ಯೂಷನ್ ಶಾಲೆಯಲ್ಲಿ ಓದಿದರು. ಸುಮಾರು ಹದಿನೈದನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು, ನಗರದ ಸಿವಿಲ್ ಎಂಜಿನಿಯರ್ ವಿಲಿಯಂ ಹೇಸ್ಟಿಂಗ್ಸ್ ಅವರ ಬಳಿ ಕೆಲಸ ಕಲಿಯಲು ಸೇರಿದರು. ವಿಶ್ವವಿದ್ಯಾಲಯದ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಅಳತೆ, ನಕ್ಷೆ ಮತ್ತು ಕಟ್ಟಡ ಕಾಮಗಾರಿಗಳ ಈ ಪ್ರತ್ಯಕ್ಷ ತರಬೇತಿಯೇ ಅವರ ಮುಂದಿನ ಸಂಶೋಧನೆಗಳಿಗೆ ತಳಹದಿಯಾಯಿತು.

ಆ ಕಾಲದಲ್ಲಿ ಅಸ್ಸಾಂ ಮತ್ತು ಕಾಚಾರ್ ಪ್ರದೇಶಗಳಲ್ಲಿ ಚಹಾ ತೋಟಗಳು ಶೀಘ್ರವಾಗಿ ಹಬ್ಬುತ್ತಿದ್ದವು. ಬ್ರಿಟನ್ನಿನ ಹಲವು ಕುಟುಂಬಗಳು ಅಲ್ಲಿ ಹಣ ಹೂಡುತ್ತಿದ್ದವು. ಡೇವಿಡ್‌ಸನ್ ಅವರ ತಂದೆಯೂ ಕಾಚಾರಿನ ಒಂದು ತೋಟದಲ್ಲಿ ಪಾಲು ಖರೀದಿಸಿದರು. ಮಗನನ್ನು 1864ರಲ್ಲಿ ಅಲ್ಲಿಗೆ ಕಳುಹಿಸಲಾಯಿತು.

ಕಾಚಾರಿನ ಚಹಾ ತೋಟದಲ್ಲಿ

ಕಲ್ಕತ್ತೆಯ ಮೂಲಕ ಕಾಚಾರ್ ತಲುಪಿದ ಡೇವಿಡ್‌ಸನ್, ಬರ್ಖೋಲಾ ಎಂಬಲ್ಲಿನ ತೋಟದಲ್ಲಿ ಸಹಾಯಕರಾಗಿ ಕೆಲಸಕ್ಕೆ ಸೇರಿದರು. ಕೆಲವೇ ವರ್ಷಗಳಲ್ಲಿ ಅವರು ತೋಟದ ವ್ಯವಸ್ಥಾಪಕರಾದರು. ಕಾಲಕ್ರಮದಲ್ಲಿ ಅದರ ಒಡೆತನವನ್ನೂ ಪಡೆದುಕೊಂಡರು. ಅವರು ಅಲ್ಲಿಗೆ ಬಂದ ಹೊಸತರಲ್ಲಿಯೇ, 1860ರ ದಶಕದ ಮಧ್ಯದಲ್ಲಿ, ಮಿತಿಮೀರಿದ ಹೂಡಿಕೆಯಿಂದ ಉಬ್ಬಿದ್ದ ಚಹಾ ವ್ಯಾಪಾರ ಕುಸಿದು ಅನೇಕ ತೋಟಗಳು ನಷ್ಟಕ್ಕೆ ಸಿಲುಕಿದವು. ಉಳಿದ ತೋಟಗಳಿಗೆ ಕಡಿಮೆ ಖರ್ಚಿನಲ್ಲಿ ಒಂದೇ ಗುಣಮಟ್ಟದ ಚಹಾ ತಯಾರಿಸುವುದು ಅನಿವಾರ್ಯವಾಯಿತು.

ಆಗ ಚಹಾ ತಯಾರಿಕೆ ಬಹುತೇಕ ಕೈಕೆಲಸವಾಗಿತ್ತು. ಕೊಯ್ದ ಎಲೆಯನ್ನು ಬಾಡಿಸಿ, ಕೈಯಿಂದ ಹೊಸೆದು, ಹುದುಗಲು ಬಿಟ್ಟು, ಕೊನೆಗೆ ಇದ್ದಿಲಿನ ಕೆಂಡದ ಮೇಲಿಟ್ಟ ಬಿದಿರಿನ ತಟ್ಟೆಗಳಲ್ಲಿ ಒಣಗಿಸಲಾಗುತ್ತಿತ್ತು. ಈ ಕೊನೆಯ ಹಂತವೇ ಅತ್ಯಂತ ಕಠಿಣವಾದುದು. ಕೆಂಡದ ಶಾಖ ಎಲ್ಲೆಡೆ ಸಮನಾಗಿರುತ್ತಿರಲಿಲ್ಲ. ಒಂದು ಕಡೆಯ ಎಲೆ ಸೀದುಹೋದರೆ ಇನ್ನೊಂದು ಕಡೆಯದು ಹಸಿಯಾಗಿಯೇ ಉಳಿಯುತ್ತಿತ್ತು. ಇದ್ದಿಲಿಗಾಗಿ ಅಪಾರ ಪ್ರಮಾಣದ ಮರ ಬೇಕಾಗುತ್ತಿತ್ತು. ಕೆಲಸಗಾರರು ಕೆಂಡದ ಕಾವಿನಲ್ಲಿ, ಇದ್ದಿಲಿನ ಅನಿಲ ತುಂಬಿದ ಕೊಠಡಿಗಳಲ್ಲಿ ಗಂಟೆಗಟ್ಟಲೆ ನಿಂತು ದುಡಿಯಬೇಕಾಗುತ್ತಿತ್ತು. ದೂರದ ಪ್ರಾಂತಗಳಿಂದ ಕರೆತಂದ ಈ ಕೂಲಿಕಾರರ ಸ್ಥಿತಿ ಆ ದಶಕದಲ್ಲಿ ಶೋಚನೀಯವಾಗಿತ್ತು. ಪ್ರಯಾಣದಲ್ಲಿಯೂ ತೋಟಗಳಲ್ಲಿಯೂ ರೋಗ ಮತ್ತು ಅಪೌಷ್ಟಿಕತೆಯಿಂದ ಅನೇಕರು ಸಾಯುತ್ತಿದ್ದರು. ಡೇವಿಡ್‌ಸನ್ ಅವರ ಯಂತ್ರಗಳ ಮೊದಲ ಉದ್ದೇಶ ಖರ್ಚಿನ ಉಳಿತಾಯ ಮತ್ತು ಗುಣಮಟ್ಟವೇ ಆಗಿತ್ತು. ಆದರೆ ಅವುಗಳ ಬಳಕೆಯಿಂದ ತೆರೆದ ಕೆಂಡದ ಮೇಲೆ ನಡೆಯುತ್ತಿದ್ದ ಕೆಲಸ ಕ್ರಮೇಣ ಕಣ್ಮರೆಯಾಯಿತು.

ಬಿಸಿಗಾಳಿಯ ಒಣಗಿಸುವ ಯಂತ್ರ

ಎಲೆ ಒಣಗಲು ಬೇಕಾದುದು ಬೆಂಕಿಯ ಸಾಮೀಪ್ಯವಲ್ಲ, ಎಲೆಯ ತೇವವನ್ನು ಹೊತ್ತೊಯ್ಯುವ ಶುದ್ಧ ಬಿಸಿ ಗಾಳಿಯ ಪ್ರವಾಹ ಎಂಬುದನ್ನು ಡೇವಿಡ್‌ಸನ್ ಕಂಡುಕೊಂಡರು. ಇದಕ್ಕೆ ಅನುಗುಣವಾಗಿ ಒಲೆಯನ್ನೂ ಎಲೆಯ ತಟ್ಟೆಗಳನ್ನೂ ಬೇರ್ಪಡಿಸಿದರು. ಒಲೆಯ ಹೊಗೆ ಚಿಮಣಿಯ ಮೂಲಕ ಹೊರಹೋಗುತ್ತಿತ್ತು. ಒಲೆಯ ಹೊರಮೈಗೆ ತಾಗಿ ಕಾದ ಗಾಳಿ ಮಾತ್ರ ತಟ್ಟೆಗಳ ನಡುವೆ ಮೇಲೇರುತ್ತಿತ್ತು. ಸಹಾರಾ ಮರುಭೂಮಿಯಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ ಬೀಸುವ ಬಿಸಿ ಗಾಳಿಯ ಹೆಸರಾದ ಸಿರೊಕ್ಕೊ ಎಂಬುದನ್ನು ಅವರು ಈ ಯಂತ್ರಕ್ಕೆ ಇಟ್ಟರು.

1870ರ ದಶಕದ ಮಧ್ಯಭಾಗದಲ್ಲಿ ಅವರು ಬೆಲ್‌ಫಾಸ್ಟಿಗೆ ಮರಳಿ ಯಂತ್ರಗಳ ಅಭಿವೃದ್ಧಿಯಲ್ಲಿ ತೊಡಗಿದರು. ಮೊದಲಿಗೆ ಅಲ್ಲಿನ ಕೂಂಬ್ ಬಾರ್ಬರ್ ಸಂಸ್ಥೆಯ ಕಾರ್ಖಾನೆಯಲ್ಲಿ ಯಂತ್ರಗಳನ್ನು ಮಾಡಿಸುತ್ತಿದ್ದರು. ಬೇಡಿಕೆ ಹೆಚ್ಚಿದಾಗ, 1881ರಲ್ಲಿ ಲಗಾನ್ ನದಿಯ ಪೂರ್ವ ದಡದ ಬ್ರಿಜ್ ಎಂಡ್ ಎಂಬಲ್ಲಿ ಸಿರೊಕ್ಕೊ ಎಂಜಿನಿಯರಿಂಗ್ ವರ್ಕ್ಸ್ ಎಂಬ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಿದರು. ಆರಂಭದಲ್ಲಿ ಅಲ್ಲಿ ಇದ್ದವರು ಏಳು ಜನ ಕೆಲಸಗಾರರು ಮಾತ್ರ. ಮುಂದಿನ ದಶಕಗಳಲ್ಲಿ ಅದು ನಗರದ ಪ್ರಮುಖ ಕೈಗಾರಿಕೆಗಳಲ್ಲಿ ಒಂದಾಗಿ ಬೆಳೆಯಿತು. ಎಲೆ ಹೊಸೆಯುವ, ಒಣಗಿಸುವ, ಜಾಲಿಸುವ ಮತ್ತು ಪೆಟ್ಟಿಗೆಗೆ ತುಂಬುವ ಯಂತ್ರಗಳು ಅಲ್ಲಿಂದ ಭಾರತ, ಸಿಲೋನ್ ಮುಂತಾದ ಚಹಾ ನಾಡುಗಳಿಗೆ ರವಾನೆಯಾದವು.

ಕೇಂದ್ರಾಪಗಾಮಿ ಫ್ಯಾನಿನ ಆವಿಷ್ಕಾರ

ಮೊದಲ ಯಂತ್ರಗಳಲ್ಲಿ ಗಾಳಿ ತಾನಾಗಿಯೇ ಮೇಲೇರುತ್ತಿತ್ತು. ಇದಕ್ಕೆ ಒಂದು ಮಿತಿಯಿತ್ತು. ತಟ್ಟೆಗಳ ಸಂಖ್ಯೆ ಹೆಚ್ಚಿದಂತೆ ಗಾಳಿಯ ಹಾದಿಯಲ್ಲಿ ತಡೆ ಹೆಚ್ಚುತ್ತಿತ್ತು. ಹವಾಮಾನ ಬದಲಾದರೆ ಎಳೆತವೂ ಬದಲಾಗುತ್ತಿತ್ತು. ಯಂತ್ರಬಲದಿಂದ ಗಾಳಿಯನ್ನು ದೂಡುವುದೊಂದೇ ಪರಿಹಾರವಾಗಿತ್ತು. ಆದರೆ ಆ ಕಾಲದ ಕೇಂದ್ರಾಪಗಾಮಿ ಫ್ಯಾನ್‌ಗಳಲ್ಲಿ ಕೆಲವೇ ಅಗಲವಾದ ಅಲಗುಗಳಿದ್ದವು. ಬೇಕಾದಷ್ಟು ಗಾಳಿ ದೊರೆಯಬೇಕಾದರೆ ಅವು ಬಹಳ ದೊಡ್ಡದಾಗಿರಬೇಕಾಗಿತ್ತು ಅಥವಾ ಬಹಳ ವೇಗವಾಗಿ ತಿರುಗಬೇಕಾಗಿತ್ತು.

ಡೇವಿಡ್‌ಸನ್ ಹಲವು ವರ್ಷ ಪ್ರಯೋಗ ನಡೆಸಿ, ಚಕ್ರದ ಅಂಚಿನ ಸುತ್ತ ಉದ್ದವಾದ, ಕಿರಿದಾದ ಅನೇಕ ಅಲಗುಗಳನ್ನು ಒತ್ತೊತ್ತಾಗಿ ಜೋಡಿಸಿದರು. ಪ್ರತಿಯೊಂದು ಅಲಗೂ ಚಕ್ರ ತಿರುಗುವ ದಿಕ್ಕಿಗೆ ಬಾಗಿತ್ತು. ಚಕ್ರದ ನಡುಭಾಗವನ್ನು ಗಾಳಿ ಧಾರಾಳವಾಗಿ ಒಳಬರುವಂತೆ ಖಾಲಿ ಬಿಡಲಾಗಿತ್ತು. ಈ ರಚನೆಯಲ್ಲಿ ಗಾಳಿಯು ಚಕ್ರದ ಅಂಚಿನ ವೇಗಕ್ಕಿಂತಲೂ ಹೆಚ್ಚಿನ ವೇಗದಿಂದ ಹೊರಚಿಮ್ಮುತ್ತದೆ. ಆದ್ದರಿಂದ ಚಿಕ್ಕ ಗಾತ್ರದ ಫ್ಯಾನ್ ಕಡಿಮೆ ವೇಗದಲ್ಲಿ ತಿರುಗಿಯೂ ಹೆಚ್ಚು ಗಾಳಿಯನ್ನು ಸಾಗಿಸಬಲ್ಲದು. 1898ರಲ್ಲಿ ಈ ಫ್ಯಾನಿಗೆ ಪೇಟೆಂಟ್ ದೊರೆಯಿತು. ಅದೇ ವರ್ಷ ಅವರ ಉದ್ಯಮವು ಡೇವಿಡ್‌ಸನ್ ಅಂಡ್ ಕಂಪನಿ ಲಿಮಿಟೆಡ್ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಅಳಿಲು ಓಡುವ ಪಂಜರದ ಚಕ್ರವನ್ನು ಹೋಲುವುದರಿಂದ ಇಂಥ ಫ್ಯಾನಿಗೆ ಅಳಿಲುಪಂಜರದ ಫ್ಯಾನ್ ಎಂಬ ಹೆಸರೂ ರೂಢಿಯಲ್ಲಿದೆ.

ಈ ರಚನೆಗೆ ಕೆಲವು ಮಿತಿಗಳೂ ಇವೆ. ಸಾಗಿಸುವ ಗಾಳಿಯ ಪ್ರಮಾಣ ಹೆಚ್ಚಿದಂತೆ ಫ್ಯಾನ್ ಬಳಸುವ ಶಕ್ತಿಯೂ ಏರುತ್ತಲೇ ಹೋಗುವುದರಿಂದ, ಗಾಳಿಯ ಹಾದಿಯಲ್ಲಿ ನಿರೀಕ್ಷಿಸಿದಷ್ಟು ತಡೆಯಿಲ್ಲದಿದ್ದರೆ ಮೋಟಾರಿನ ಮೇಲೆ ಅತಿಭಾರ ಬೀಳುತ್ತದೆ. ಅಲಗುಗಳ ಒಳಬಾಗಿನಲ್ಲಿ ದೂಳು ಕೂಡುತ್ತದೆ. ಈ ಕಾರಣಗಳಿಂದ ನಂತರದ ಕಾಲದಲ್ಲಿ ಅಧಿಕ ಒತ್ತಡದ ಕೆಲಸಗಳಿಗೆ, ಅಲಗುಗಳು ಹಿಂದಕ್ಕೆ ಬಾಗಿರುವ ಫ್ಯಾನ್‌ಗಳು ಹೆಚ್ಚಾಗಿ ಬಳಕೆಗೆ ಬಂದವು.

ಹಡಗು ಮತ್ತು ಗಣಿಗಳಲ್ಲಿ ಬಳಕೆ

ಚಹಾ ತೋಟಕ್ಕಾಗಿ ಹುಟ್ಟಿದ ಫ್ಯಾನ್ ಬೇಗನೆ ಬೇರೆ ಕ್ಷೇತ್ರಗಳಿಗೆ ಹರಡಿತು. ಹಬೆ ಹಡಗುಗಳ ಬಾಯ್ಲರುಗಳಿಗೆ ಬಲವಂತದಿಂದ ಗಾಳಿ ಊದಿದರೆ ಕಲ್ಲಿದ್ದಲು ಚೆನ್ನಾಗಿ ಉರಿದು ಹೆಚ್ಚು ಹಬೆ ದೊರೆಯುತ್ತದೆ. ಇಕ್ಕಟ್ಟಾದ ಹಡಗಿನೊಳಗೆ ಚಿಕ್ಕ ಗಾತ್ರದಲ್ಲಿ ಹೆಚ್ಚು ಗಾಳಿ ಒದಗಿಸುವ ಸಿರೊಕ್ಕೊ ಫ್ಯಾನ್ ಈ ಕೆಲಸಕ್ಕೆ ಸೂಕ್ತವಾಗಿತ್ತು. ಬ್ರಿಟಿಷ್ ನೌಕಾಪಡೆ ಇದನ್ನು ವ್ಯಾಪಕವಾಗಿ ಬಳಸಿತು. ಬೆಲ್‌ಫಾಸ್ಟಿನಲ್ಲಿಯೇ ನಿರ್ಮಾಣಗೊಂಡ ಒಲಿಂಪಿಕ್ ಮತ್ತು ಟೈಟಾನಿಕ್ ಹಡಗುಗಳ ಬಾಯ್ಲರ್ ಕೋಣೆಗಳಿಗೂ ಸಿರೊಕ್ಕೊ ಫ್ಯಾನ್‌ಗಳು ಗಾಳಿ ಒದಗಿಸುತ್ತಿದ್ದವು. ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲ ಮತ್ತು ಶಾಖವನ್ನು ಹೊರಗೆಳೆಯಲು, ಕಾರ್ಖಾನೆಗಳಲ್ಲಿ ದೂಳು ತೆಗೆಯಲು, ಸಭಾಂಗಣಗಳಿಗೆ ಹೊಸ ಗಾಳಿ ಒದಗಿಸಲು ಇದೇ ಮಾದರಿಯ ಫ್ಯಾನ್‌ಗಳು ಬಂದವು.

ಕೊನೆಯ ವರ್ಷಗಳು

ಡೇವಿಡ್‌ಸನ್ ಬೆಲ್‌ಫಾಸ್ಟಿಗೆ ಸಮೀಪದ ಕಡಲತೀರದ ಬ್ಯಾಂಗರ್ ಪಟ್ಟಣದಲ್ಲಿ ನೆಲೆಸಿದ್ದರು. ಚಹಾ ಮತ್ತು ಫ್ಯಾನುಗಳಲ್ಲದೆ ರಬ್ಬರ್ ಸಂಸ್ಕರಣೆಯೇ ಮೊದಲಾದ ಹಲವು ವಿಷಯಗಳಲ್ಲಿಯೂ ಅವರು ಪ್ರಯೋಗ ನಡೆಸಿದರು. ಮೊದಲನೆಯ ಮಹಾಯುದ್ಧ ಅವರಿಗೆ ದೊಡ್ಡ ಆಘಾತ ತಂದಿತು. ಕಂಪನಿಯ ಆಡಳಿತದಲ್ಲಿ ಜೊತೆಗಿದ್ದ ಮಗ ಕ್ಯಾಪ್ಟನ್ ಜೇಮ್ಸ್ ಸ್ಯಾಮ್ಯುಯೆಲ್ ಡೇವಿಡ್‌ಸನ್, ಸೋಮ್ ಕದನದ ಮೊದಲ ದಿನವಾದ 1 ಜುಲೈ 1916ರಂದು ಫ್ರಾನ್ಸಿನಲ್ಲಿ ಮಡಿದರು.

ಜೂನ್ 1921ರಲ್ಲಿ ಐದನೆಯ ಜಾರ್ಜ್ ದೊರೆ ಉತ್ತರ ಐರ್ಲೆಂಡಿನ ಸಂಸತ್ತನ್ನು ಉದ್ಘಾಟಿಸಲು ಬೆಲ್‌ಫಾಸ್ಟಿಗೆ ಬಂದ ಸಂದರ್ಭದಲ್ಲಿ ಡೇವಿಡ್‌ಸನ್ ಅವರಿಗೆ ನೈಟ್ ಪದವಿ ನೀಡಲಾಯಿತು. ಎರಡು ತಿಂಗಳೊಳಗೆ, 18 ಆಗಸ್ಟ್ 1921ರಂದು ಅವರು ನಿಧನರಾದರು. ಅವರ ಕಂಪನಿ ಅನೇಕ ದಶಕಗಳ ಕಾಲ ಸ್ವತಂತ್ರವಾಗಿ ನಡೆದು, 1980ರ ದಶಕದ ಕೊನೆಯಲ್ಲಿ ಹೌಡನ್ ಸಮೂಹಕ್ಕೆ ಸೇರಿತು.

ಹೊಗೆ ಹೊರಹಾಕುವ ಫ್ಯಾನ್ ಮತ್ತು ಶಾಖಪರೀಕ್ಷೆ

ಡೇವಿಡ್‌ಸನ್ ಅವರ ಒಣಗಿಸುವ ಯಂತ್ರಕ್ಕೂ ಇಂದಿನ ಹೊಗೆ ಹೊರಹಾಕುವ ಫ್ಯಾನಿಗೂ ಒಂದು ಸಮಾನ ಪ್ರಶ್ನೆಯಿದೆ: ಬಿಸಿ ಗಾಳಿ ಸಾಕಷ್ಟು ಪ್ರಮಾಣದಲ್ಲಿ, ನಿಲ್ಲದೆ, ನಂಬಿಕೆಗೆ ಅರ್ಹವಾಗಿ ಹರಿಯುವಂತೆ ಮಾಡುವುದು ಹೇಗೆ? ಚಹಾ ಕಾರ್ಖಾನೆಯಲ್ಲಿ ಗಾಳಿ ನಿಂತರೆ ಎಲೆ ಕೆಡುತ್ತದೆ. ಬೆಂಕಿ ಬಿದ್ದ ಕಟ್ಟಡದಲ್ಲಿ ಫ್ಯಾನ್ ನಿಂತರೆ ಜನ ಹೊರಗೆ ಬರುವ ದಾರಿ ಹೊಗೆಯಿಂದ ಮುಚ್ಚಿಹೋಗುತ್ತದೆ. ಇಂದು ಈ ಕೆಲಸಕ್ಕೆ ಕೇಂದ್ರಾಪಗಾಮಿ ಫ್ಯಾನ್‌ಗಳ ಜೊತೆಗೆ, ಗಾಳಿಯನ್ನು ಅಚ್ಚಿನ ದಿಕ್ಕಿನಲ್ಲಿಯೇ ತಳ್ಳುವ ಅಕ್ಷೀಯ ಫ್ಯಾನ್‌ಗಳೂ ಬಳಕೆಯಲ್ಲಿವೆ.

ತಣ್ಣನೆಯ ಗಾಳಿಯಲ್ಲಿ ಸರಿಯಾಗಿ ತಿರುಗುವ ಫ್ಯಾನ್ ಬಿಸಿ ಹೊಗೆಯಲ್ಲಿಯೂ ತಿರುಗುತ್ತದೆ ಎಂದು ಭಾವಿಸಲಾಗದು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ಲೋಹದ ಹಿಗ್ಗುವಿಕೆ. 1 ಮೀಟರ್ ವ್ಯಾಸದ ಉಕ್ಕಿನ ಚಕ್ರ 20 ಡಿಗ್ರಿ ಸೆಲ್ಸಿಯಸ್‌ನಿಂದ 250 ಡಿಗ್ರಿಗೆ ಕಾದಾಗ ಅದರ ವ್ಯಾಸ ಸುಮಾರು 2.8 ಮಿಲಿಮೀಟರ್ ಹೆಚ್ಚುತ್ತದೆ. ಅಲ್ಯೂಮಿನಿಯಂ ಚಕ್ರವಾದರೆ 5 ಮಿಲಿಮೀಟರ್‌ಗೂ ಹೆಚ್ಚು. ಅಲಗಿನ ತುದಿಗೂ ಹೊರಕವಚಕ್ಕೂ ನಡುವಿನ ಅಂತರ ಕಡಿಮೆಯಿದ್ದರೆ ಎರಡೂ ಉಜ್ಜಿಕೊಂಡು ಫ್ಯಾನ್ ಸಿಕ್ಕಿಕೊಳ್ಳುತ್ತದೆ. ಎರಡನೆಯದು ಮೋಟಾರ್. ಮೋಟಾರಿನ ತಂತಿಸುರುಳಿಯ ನಿರೋಧಕ ಹೊದಿಕೆಗೆ ಶಾಖದ ಮಿತಿ ಇರುತ್ತದೆ. ಎಫ್ ವರ್ಗದ ಹೊದಿಕೆಗೆ ಈ ಮಿತಿ 155 ಡಿಗ್ರಿ, ಎಚ್ ವರ್ಗಕ್ಕೆ 180 ಡಿಗ್ರಿ. ಇವು ದೀರ್ಘಕಾಲದ ಬಳಕೆಯ ಮಿತಿಗಳು. ಅದಕ್ಕಿಂತ ಬಿಸಿಯಾದ ಹೊಗೆಯ ನಡುವೆ ಇರುವ ಮೋಟಾರು ನಿಗದಿತ ಅವಧಿಯವರೆಗೆ ಮಾತ್ರ ಬಾಳುವಂತೆ ರೂಪಿತವಾಗಿರುತ್ತದೆ. ಇಲ್ಲವೇ ಮೋಟಾರನ್ನು ಹೊಗೆಯ ಹಾದಿಯಿಂದ ಹೊರಗಿರಿಸಲಾಗುತ್ತದೆ. ಬೇರಿಂಗಿನ ಗ್ರೀಸ್, ವಿದ್ಯುತ್ ಕೇಬಲ್ ಮತ್ತು ಜೋಡಣೆಯ ಪೆಟ್ಟಿಗೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮೂರನೆಯದು ಗಾಳಿಯ ಸಾಂದ್ರತೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗಿದರೆ, 250 ಡಿಗ್ರಿಯಲ್ಲಿ ಸುಮಾರು 0.67 ಕಿಲೋಗ್ರಾಂ ಮಾತ್ರ ತೂಗುತ್ತದೆ. ಒಂದೇ ವೇಗದಲ್ಲಿ ತಿರುಗುವ ಫ್ಯಾನ್ ಸಾಗಿಸುವ ಗಾಳಿಯ ಘನ ಅಳತೆ ಬಹುಮಟ್ಟಿಗೆ ಅಷ್ಟೇ ಇದ್ದರೂ, ಅದು ಉಂಟುಮಾಡುವ ಒತ್ತಡ ಮತ್ತು ಬಳಸುವ ಶಕ್ತಿ ಎರಡೂ ಇದೇ ಅನುಪಾತದಲ್ಲಿ ಇಳಿಯುತ್ತವೆ. ಹೀಗಾಗಿ ಮೋಟಾರಿನ ಶಕ್ತಿಯನ್ನು ಬಿಸಿ ಹೊಗೆಗೆ ಮಾತ್ರ ಲೆಕ್ಕ ಹಾಕಿದರೆ, ಬೆಂಕಿಯ ಆರಂಭದಲ್ಲಿ ಅಥವಾ ತಿಂಗಳ ತಪಾಸಣೆಯಲ್ಲಿ ತಣ್ಣನೆಯ ಗಾಳಿಯಲ್ಲಿ ಫ್ಯಾನ್ ಚಾಲೂ ಮಾಡಿದಾಗ ಅದರ ಮೇಲೆ ಅತಿಭಾರ ಬೀಳುತ್ತದೆ.

ಈ ಎಲ್ಲ ಅಂಶಗಳನ್ನು ಕಾಗದದ ಮೇಲಿನ ಲೆಕ್ಕದಿಂದಷ್ಟೇ ಖಚಿತಪಡಿಸಲಾಗದ ಕಾರಣ ಫ್ಯಾನನ್ನು ಕುಲುಮೆಗೆ ಜೋಡಿಸಿ ಪರೀಕ್ಷಿಸಲಾಗುತ್ತದೆ. ಯುರೋಪಿನ ಇಎನ್ 12101-3 ಮಾನದಂಡದಲ್ಲಿ ಇದಕ್ಕೆ ವರ್ಗಗಳಿವೆ. ಎಫ್200 ವರ್ಗದ ಫ್ಯಾನ್ 200 ಡಿಗ್ರಿಯಲ್ಲಿ 120 ನಿಮಿಷ, ಎಫ್300 ವರ್ಗದ್ದು 300 ಡಿಗ್ರಿಯಲ್ಲಿ 60 ನಿಮಿಷ, ಎಫ್600 ವರ್ಗದ್ದು 600 ಡಿಗ್ರಿಯಲ್ಲಿ 60 ನಿಮಿಷ ಕೆಲಸ ಮಾಡಬೇಕು. ಮೊದಲು ಫ್ಯಾನನ್ನು ಸಾಮಾನ್ಯ ಉಷ್ಣಾಂಶದಲ್ಲಿ ಓಡಿಸಿ ಮೋಟಾರಿನ ಬಿಸಿ ಒಂದು ಮಟ್ಟದಲ್ಲಿ ನಿಲ್ಲುವವರೆಗೆ ಕಾಯಲಾಗುತ್ತದೆ. ಅನಂತರ ಕೆಲವೇ ನಿಮಿಷಗಳಲ್ಲಿ ಗಾಳಿಯನ್ನು ವರ್ಗದ ಉಷ್ಣಾಂಶಕ್ಕೆ ಏರಿಸಿ, ಅವಧಿ ಮುಗಿಯುವವರೆಗೆ ಅಲ್ಲಿಯೇ ಉಳಿಸಲಾಗುತ್ತದೆ. ನಡುವೆ ಫ್ಯಾನನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬಿಸಿಯಲ್ಲಿಯೇ ಮತ್ತೆ ಚಾಲೂ ಮಾಡುವ ಹಂತವೂ ಇದೆ. ಬೆಂಕಿಯ ವೇಳೆ ವಿದ್ಯುತ್ ಕಡಿತಗೊಂಡು ಜನರೇಟರಿನಿಂದ ಮರಳಿ ಬಂದಾಗ ಫ್ಯಾನ್ ತಿರುಗುತ್ತದೆಯೇ ಎಂಬುದನ್ನು ಇಂಥ ಹಂತ ತೋರಿಸುತ್ತದೆ.

ಬೆಂಗಳೂರಿನ ಸಂದರ್ಭ

ಭಾರತದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಅಗ್ನಿ ಮತ್ತು ಜೀವಸುರಕ್ಷತೆಗೆ ಸಂಬಂಧಿಸಿದೆ. ಹೊಗೆ ಹೊರಹಾಕುವ ಫ್ಯಾನ್‌ಗಳು 250 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ 120 ನಿಮಿಷ ಕೆಲಸ ಮಾಡಬಲ್ಲವಾಗಿರಬೇಕೆಂದು ಅದು ಸೂಚಿಸುತ್ತದೆ. ನೆಲಮಾಳಿಗೆಯ ವಾಹನ ನಿಲುಗಡೆ ತಾಣಗಳಲ್ಲಿ ಬೆಂಕಿಯ ಸಂದರ್ಭದಲ್ಲಿ ಗಂಟೆಗೆ 12 ಬಾರಿ ಒಳಗಿನ ಗಾಳಿ ಬದಲಾಗಬೇಕು. ಉದಾಹರಣೆಗೆ 2,000 ಚದರ ಮೀಟರ್ ವಿಸ್ತೀರ್ಣ, 3.5 ಮೀಟರ್ ಎತ್ತರದ ಒಂದು ನೆಲಮಾಳಿಗೆಯ ಘನ ಅಳತೆ 7,000 ಘನ ಮೀಟರ್. ಅಲ್ಲಿ ಗಂಟೆಗೆ 84,000 ಘನ ಮೀಟರ್ ಗಾಳಿಯನ್ನು ಸಾಗಿಸಬೇಕಾಗುತ್ತದೆ. ಈ ಸಂಹಿತೆಯನ್ನು ಪ್ರಕಟಿಸುವ ಭಾರತೀಯ ಮಾನಕ ಬ್ಯೂರೋದ ಬೆಂಗಳೂರು ಶಾಖಾ ಕಚೇರಿ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿದೆ.

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ಪ್ರದೇಶಗಳಲ್ಲಿ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಬಹುಮಹಡಿ ಕಟ್ಟಡಗಳು ಹೆಚ್ಚಾದಂತೆ ಈ ನಿಯಮಗಳ ಮಹತ್ವವೂ ಹೆಚ್ಚಿದೆ. ಗಾಜಿನ ಹೊದಿಕೆಯ, ಹವಾನಿಯಂತ್ರಿತ ಕಟ್ಟಡಗಳಲ್ಲಿ ಕಿಟಕಿ ತೆರೆದು ಹೊಗೆ ಬಿಡುವ ಅವಕಾಶ ಬಹಳ ಕಡಿಮೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 23 ಫೆಬ್ರವರಿ 2010ರಂದು ಸಂಭವಿಸಿದ ಅಗ್ನಿ ಅವಘಡದಲ್ಲಿ 9 ಜನ ಪ್ರಾಣ ಕಳೆದುಕೊಂಡರು. ಜ್ವಾಲೆಗಿಂತ ಹೆಚ್ಚಾಗಿ, ಮೇಲಿನ ಮಹಡಿಗಳಿಗೆ ಹಬ್ಬಿದ ಹೊಗೆಯೇ ಅಲ್ಲಿ ಪ್ರಾಣಾಂತಕವಾಯಿತು. ಉಸಿರುಗಟ್ಟಿದ ಕೆಲವರು ಕಟ್ಟಡದಿಂದ ಕೆಳಗೆ ಜಿಗಿದಿದ್ದರು. ಈ ಘಟನೆಯ ನಂತರ ನಗರದಲ್ಲಿ ಅಗ್ನಿಸುರಕ್ಷತೆಯ ಬಗ್ಗೆ ಸಾರ್ವಜನಿಕ ಚರ್ಚೆ ತೀವ್ರಗೊಂಡಿತು.

ಫ್ಯಾನಿನ ಮಾದರಿ ಕುಲುಮೆಯಲ್ಲಿ ಉತ್ತೀರ್ಣವಾದ ಮಾತ್ರಕ್ಕೆ ಕಟ್ಟಡ ಸುರಕ್ಷಿತವಾಗುವುದಿಲ್ಲ. ಅದಕ್ಕೆ ವಿದ್ಯುತ್ ಒಯ್ಯುವ ಕೇಬಲ್ ಬೆಂಕಿಯನ್ನು ತಾಳಬೇಕು. ಹೊಗೆ ಸಾಗುವ ನಾಳ ಸೋರದಿರಬೇಕು. ಹೊರಹೋದ ಗಾಳಿಯ ಸ್ಥಾನವನ್ನು ತುಂಬಲು ಹೊಸ ಗಾಳಿಗೆ ದಾರಿಯಿರಬೇಕು. ಮೋಟಾರು ಸುಟ್ಟುಹೋದಾಗ ಅದೇ ಶಾಖಕ್ಕೆ ಪರೀಕ್ಷಿತವಾಗಿರದ ಸಾಮಾನ್ಯ ಮೋಟಾರನ್ನು ಅಳವಡಿಸಿದರೆ ಮೂಲ ಪ್ರಮಾಣಪತ್ರಕ್ಕೆ ಅರ್ಥವಿರುವುದಿಲ್ಲ. ಫ್ಯಾನಿನ ಹೆಸರಫಲಕದಲ್ಲಿ ಉಷ್ಣಾಂಶ ಮತ್ತು ಅವಧಿ ಎರಡೂ ನಮೂದಾಗಿವೆಯೇ ಎಂಬುದನ್ನು ತಪಾಸಣೆಯ ವೇಳೆ ಗಮನಿಸಬೇಕಾಗುತ್ತದೆ.